ಬೊಹೀಮಿಯದ ಗಾಜಿನ ಊರಿನಲ್ಲಿ

ಗಾಜು ನಮ್ಮ ಮನೆಗಳಿಗೆ ಹೊಸ ವಸ್ತುವಲ್ಲ. ದೇವರ ಪಟದ ಮುಂದಣ ಹಲಗೆ, ನೀರು ಕುಡಿಯುವ ಲೋಟ, ಕಿಟಕಿಯ ಬಾಗಿಲು, ಹೆಣ್ಣುಮಕ್ಕಳ ಕೈಬಳೆ, ಹೀಗೆ ಬೆಳಗಿನಿಂದ ಇರುಳಿನವರೆಗೆ ಗಾಜನ್ನು ಮುಟ್ಟದೆ ನಮ್ಮ ಒಂದು ದಿನವೂ ಸಾಗಲಾರದು. ಆದರೂ ಅದು ಬೆಂಕಿಯಲ್ಲಿ ಹೇಗೆ ಹುಟ್ಟುವುದು, ಯಾರ ಕೈಯಲ್ಲಿ ರೂಪುಗೊಳ್ಳುವುದು ಎಂಬುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಹೋದ ವರ್ಷದ ಸೆಪ್ಟೆಂಬರು ತಿಂಗಳಿನಲ್ಲಿ ಆ ಭಾಗ್ಯವು ನಮಗೆ ಲಭಿಸಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿಯೇ ಈ ಬರಹ.

ಮೊದಲು ಒಂದು ಮಾತು. ಇಲ್ಲಿ ‘ನಾವು’ ಎಂದು ಬರೆದಿರುವುದು ಪತ್ರಿಕೆಯವರು ಮರ್ಯಾದೆಗಾಗಿ ಬಳಸುವ ‘ನಾವು’ ಅಲ್ಲ. ನಿಜವಾಗಿಯೂ ಇಬ್ಬರಿದ್ದೇವೆ. ಲೇಖನಿ ಹಿಡಿಯುವುದು ಯಜಮಾನರ ಅಭ್ಯಾಸ. ಕಂಡದ್ದನ್ನು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು, ಆಮೇಲೆ ಬರೆದದ್ದನ್ನು ಓದಿ “ಇದು ಹೀಗಿರಲಿಲ್ಲ” ಎಂದು ತಿದ್ದುವುದು ಮನೆಯಾಕೆಯ ಅಭ್ಯಾಸ. ಈ ಸಂಗತಿಯನ್ನು ಇಲ್ಲಿ ಏತಕ್ಕೆ ಹೇಳಿದೆವೆಂಬುದು ಮುಂದೆ ತಿಳಿದುಬರುವುದು.

ನಮ್ಮ ಮಗಳು ಉದ್ಯೋಗದ ನಿಮಿತ್ತ ಪ್ರಾಗ್ ನಗರದಲ್ಲಿದ್ದಾಳೆ. ಅವಳ ಮನೆಯಲ್ಲಿ ಒಂದು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆವು. ಪ್ರಾಗ್ ಎಂಬುದು ಚೆಕ್ ದೇಶದ ರಾಜಧಾನಿ. ವ್ಲತಾವಾ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿರುವ ಸುಂದರವಾದ ಪಟ್ಟಣ. ನದಿಯ ದಂಡೆಯಲ್ಲಿಯೇ ಆ ಜನರು ತಮ್ಮ ಅಭಿಮಾನದ ಗುರುತಾಗಿ ಕಟ್ಟಿಕೊಂಡ ರಾಷ್ಟ್ರೀಯ ನಾಟಕಶಾಲೆಯಿದೆ. ಅದರ ಮಗ್ಗುಲಲ್ಲಿ 1983ರಲ್ಲಿ ತೆರೆದ ಹೊಸ ರಂಗಮಂದಿರವೊಂದು ನಿಂತಿದೆ. ಅದರ ಮುಖಭಾಗವೆಲ್ಲ ಗಾಜು, ಅದೂ ಕಿಟಕಿಯ ಹಲಗೆಯಂಥ ಗಾಜಲ್ಲ. ದಿಂಬಿನಂತೆ ಉಬ್ಬಿದ ದಪ್ಪ ದಪ್ಪ ಇಟ್ಟಿಗೆಗಳು, ನಾಲ್ಕು ಸಾವಿರಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ. ಒಂದೊಂದನ್ನೂ ಸಾಜಾವಾ ಎಂಬ ಊರಿನ ಕಾರ್ಖಾನೆಯಲ್ಲಿ ಊದಿ ಮಾಡಿದ್ದೆಂದು ಮಗಳು ಹೇಳಿದಳು.

“ಇದನ್ನು ಕಲ್ಪಿಸಿದವರು ಯಾರು?” ಎಂದು ಕೇಳಿದೆವು.

“ಸ್ಟಾನಿಸ್ಲಾವ್ ಲಿಬೆನ್‌ಸ್ಕಿ ಎಂಬ ಗಾಜಿನ ಕಲಾವಿದರು ಅಪ್ಪ. ಕೆಲವು ಪುಸ್ತಕಗಳಲ್ಲಿ ಅವರ ಹೆಂಡತಿಯ ಹೆಸರನ್ನೂ ಸೇರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ.”

“ಆಕೆಯೂ ಕೆಲಸ ಮಾಡಿದ್ದರೆ ಹೆಸರು ಏಕಿಲ್ಲ?” ಎಂದು ಮನೆಯಾಕೆ ಕೇಳಿದರು. ಮಗಳಿಗೆ ಉತ್ತರ ತೋಚಲಿಲ್ಲ. ಯಜಮಾನರು ಆಗ ನದಿಯ ಕಡೆ ನೋಡುತ್ತಿದ್ದರು.

ಮರುದಿನ ಬೆಟ್ಟದ ಮೇಲಣ ಕೋಟೆಗೆ ಹೋದೆವು. ಕೋಟೆಯ ನಡುವೆ ಸಂತ ವೀಟನ ಮಹಾದೇವಾಲಯವಿದೆ. ಅದರೊಳಗೆ ಚೆಕ್ ಜನರು ಬಹಳ ಪವಿತ್ರವೆಂದು ಭಾವಿಸುವ ಸಂತ ವೆನ್ಸೆಸ್ಲಾಸನ ಗುಡಿಯಿದೆ. ಗೋಡೆಗಳಿಗೆ ಬಣ್ಣಬಣ್ಣದ ಕಲ್ಲುಗಳನ್ನು ಪದಕದಂತೆ ಕೆತ್ತಿಸಿದ್ದಾರೆ. ಇಷ್ಟು ವೈಭವದ ನಡುವೆ ಆ ಗುಡಿಯ ಕಿಟಕಿಗಳು ಮಾತ್ರ ಬಹು ಸೌಮ್ಯವಾಗಿ ಕಂಡವು. 1960ರ ದಶಕದಲ್ಲಿ ಆ ಕಿಟಕಿಗಳನ್ನು ಮಾಡಿದವರೂ ಅದೇ ದಂಪತಿಗಳೆಂದು ತಿಳಿಯಿತು. ಅಲ್ಲಿಯೇ ನಾವು ನಿಶ್ಚಯಿಸಿದೆವು: ಈ ಗಂಡಹೆಂಡಿರು ಕೆಲಸ ಮಾಡಿದ ಊರನ್ನು ನೋಡದೆ ಹಿಂದಿರುಗಬಾರದು.

ಆ ಊರಿನ ಹೆಸರು ಜೆಲೆಜ್ನೀ ಬ್ರೋಡ್. ‘ಕಬ್ಬಿಣದ ಹಾಯ್ಗಡ’ ಎಂದು ಅದರ ಅರ್ಥ. ಹಿಂದೆ ಸುತ್ತಮುತ್ತ ಕಬ್ಬಿಣದ ಅದಿರನ್ನು ತೆಗೆಯುತ್ತಿದ್ದುದರಿಂದ ಆ ಹೆಸರು ನಿಂತಿತಂತೆ. ಪ್ರಾಗಿನಿಂದ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರು; ರೈಲಿನಲ್ಲಿ ಎರಡು ಗಂಟೆಗೆ ಮೀರಿದ ಪ್ರಯಾಣ. ಟುರ್ನೋವ್ ಎಂಬ ನಿಲ್ದಾಣ ದಾಟಿದ ಮೇಲೆ ಬಯಲು ಮುಗಿದು ಕಣಿವೆ ಮೊದಲಾಗುವುದು. ಒಂದು ಕಡೆ ಕಾಡು, ಒಂದು ಕಡೆ ಯಿಜೆರಾ ನದಿ. ನದಿ ತಿರುಗಿದಂತೆ ರೈಲೂ ತಿರುಗುತ್ತದೆ. ಮಲೆನಾಡಿನವರಾದ ನಮಗೆ ತೀರ್ಥಹಳ್ಳಿಯ ಕಡೆಯ ದಾರಿ ನೆನಪಾಯಿತು. ಆದರೆ ಇಲ್ಲಿಯ ಮರಗಳು ಬೇರೆ, ಗಾಳಿಯ ತಂಪು ಬೇರೆ.

ಊರು ಚಿಕ್ಕದು, ಜನಸಂಖ್ಯೆ ಸುಮಾರು ಆರು ಸಾವಿರ. ಗುಡ್ಡದ ಮೇಲೆ ಒಂದು ಇಗರ್ಜಿ, ಅದರ ಪಕ್ಕದಲ್ಲಿ ಮರದ ಗಂಟೆಗೋಪುರ. ಅದರ ಸುತ್ತ ಹಳೆಯ ಕಾಲದ ಮರದ ಮನೆಗಳ ಒಂದು ಕೇರಿಯನ್ನು ಹಾಗೆಯೇ ಕಾಪಾಡಿಕೊಂಡಿದ್ದಾರೆ. ದಪ್ಪ ದಪ್ಪ ತೊಲೆಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ ಕಟ್ಟಿದ ಮನೆಗಳು, ಮುಂದೆ ಹೂವಿನ ಕುಂಡಗಳು. ಇಂಥ ಶಾಂತವಾದ ಊರಿನಿಂದ ಹೊರಟ ಗಾಜು ಭೂಮಂಡಲವನ್ನೆಲ್ಲ ಸುತ್ತಿತೆಂದರೆ ಮೊದಲು ನಂಬುವುದು ಕಷ್ಟ. ಆದರೆ 1920ರಲ್ಲಿ ಇಲ್ಲಿ ಗಾಜಿನ ವಿದ್ಯೆಗೆಂದೇ ಒಂದು ಶಾಲೆಯನ್ನು ಸ್ಥಾಪಿಸಿದರು. ಅಂದಿನಿಂದ ಈ ಊರಿನ ಮಕ್ಕಳು ಅಕ್ಷರದೊಡನೆ ಗಾಜನ್ನೂ ಕಲಿತರು.

ಮಗಳ ಪರಿಚಯದವರೊಬ್ಬರ ಮೂಲಕ ಊರಂಚಿನ ಒಂದು ಚಿಕ್ಕ ಕುಲುಮೆಮನೆಯನ್ನು ನೋಡಲು ಅನುಮತಿ ದೊರೆತಿತ್ತು. ಅದನ್ನು ನಡೆಸುವವರೂ ಗಂಡಹೆಂಡಿರೇ. ಗಂಡನಿಗೆ ನಲವತ್ತು ದಾಟಿರಬಹುದು. ಹೆಂಡತಿ ಅವನಿಗಿಂತ ಒಂದೆರಡು ವರ್ಷ ಕಿರಿಯಳು. ಸಂಬಳದ ಆಳುಗಳಿಲ್ಲ. ಬಾಗಿಲು ತೆರೆದೊಡನೆಯೇ ಬೇಸಗೆಯ ಬಳ್ಳಾರಿಯ ಗಾಳಿಯಂತೆ ಬಿಸಿಯು ಮುಖಕ್ಕೆ ಹೊಡೆಯಿತು.

ಕುಲುಮೆಯೊಳಗೆ ಮೂಸೆಯಿದೆ. ಮರಳು, ಸೋಡ, ಸುಣ್ಣ ಇವುಗಳು ಬೆರೆತು ಕರಗಿ ಅದರಲ್ಲಿ ಪಾಕವಾಗಿ ನಿಂತಿವೆ. ಬೆಲ್ಲದ ಪಾಕವನ್ನು ಕಂಡವರಿಗೆ ಇದನ್ನು ಬೇರೆ ವರ್ಣಿಸಬೇಕಾಗಿಲ್ಲ. ಬೆಲ್ಲದ ಪಾಕಕ್ಕೆ ನೂರಕ್ಕೆ ಸ್ವಲ್ಪ ಮೇಲೆ ಶಾಖ ಸಾಕು, ಗಾಜಿನ ಪಾಕಕ್ಕೆ ಸಾವಿರದ ನೂರು ಡಿಗ್ರಿಗೂ ಮೇಲೆ ಬೇಕು ಎಂಬುದಷ್ಟೇ ಭೇದ. ಗಂಡನು ಉದ್ದನೆಯ ಕಬ್ಬಿಣದ ಊದುಕೊಳವೆಯನ್ನು ಒಳಕ್ಕೆ ಚಾಚಿ, ಜೇನುಕಡ್ಡಿಯನ್ನು ತಿರುಗಿಸುವಂತೆ ತಿರುಗಿಸಿ, ತುದಿಯಲ್ಲಿ ಕೆಂಪಗೆ ಉರಿಯುವ ಒಂದು ಉಂಡೆಯನ್ನು ಎತ್ತಿದನು. ಅಲ್ಲಿಂದ ಮುಂದೆ ಕೊಳವೆ ತಿರುಗುವುದು ನಿಲ್ಲಲೇ ಇಲ್ಲ. ನಿಂತರೆ ಪಾಕವು ಒಂದು ಕಡೆಗೆ ಜೋಲುವುದು. ಒಂದು ಸಲ ಮೆಲ್ಲಗೆ ಊದಿದನು. ಉಂಡೆಯ ಒಳಗೆ ನೆಲ್ಲಿಕಾಯಿಯಷ್ಟು ಗುಳ್ಳೆ ಕಂಡಿತು. ಒದ್ದೆಯಾದ ವೃತ್ತಪತ್ರಿಕೆಯ ಮಡಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಅದರಿಂದಲೇ ಆ ಬೆಂಕಿಯುಂಡೆಯನ್ನು ಸವರಿ ದುಂಡು ಮಾಡಿದನು. ನಮ್ಮಿಬ್ಬರ ಉಸಿರೂ ನಿಂತಂತಾಯಿತು. ಆತನ ಕೈ ಸುಡಲಿಲ್ಲ.

ಆಗ ಹೆಂಡತಿ ಬಂದು ನೆಲದ ಬಳಿ ಒಂದು ತಗ್ಗಾದ ಮಣೆಯ ಮೇಲೆ ಕುಳಿತಳು. ಅವಳ ಮುಂದೆ ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚು, ಎರಡು ಹೋಳಾಗಿ ಬಾಯಿ ತೆರೆಯುವಂಥದು. ಬೊಹೀಮಿಯ ಪ್ರಾಂತದ ಹಳೆಯ ಪದ್ಧತಿಯಿದು. ಗಂಡನು ಮೇಲಿನಿಂದ ಉಂಡೆಯನ್ನು ಇಳಿಬಿಟ್ಟೊಡನೆ ಅವಳು ಅಚ್ಚನ್ನು ಮುಚ್ಚಿದಳು. ಅವನು ತಿರುಗಿಸುತ್ತ ಊದಿದನು. ಹೊಗೆ ಎದ್ದಿತು. ಒದ್ದೆ ಮರವು ಸುಟ್ಟು ಆವಿಯ ತೆಳ್ಳನೆಯ ಪೊರೆಯೊಂದು ಹುಟ್ಟುವುದಂತೆ. ಗಾಜು ಆ ಪೊರೆಯ ಮೇಲೆಯೇ ಜಾರುವುದರಿಂದ ನುಣುಪಾಗಿ ಬರುವುದಂತೆ. ಒಂದು ಮಾತಿಲ್ಲ, ಸನ್ನೆಯಿಲ್ಲ. ಅವನ ಉಸಿರು ನಿಂತ ಕ್ಷಣದಲ್ಲಿ ಅವಳ ಕೈ ಅಚ್ಚನ್ನು ತೆರೆಯಿತು. ಅರೆನಿಮಿಷ ತಡವಾದರೆ ಮರ ಹತ್ತಿಕೊಳ್ಳುವುದು, ಮೊದಲೇ ತೆರೆದರೆ ಪಾತ್ರೆ ಸೊಟ್ಟಗಾಗುವುದು. ಹೊರಬಂದ ಹೂದಾನಿಯನ್ನು ಕೊಳವೆಯಿಂದ ಬಿಡಿಸಿ ಐನೂರು ಡಿಗ್ರಿಯ ಇನ್ನೊಂದು ಒಲೆಯಲ್ಲಿಟ್ಟು ಬಾಗಿಲು ಮುಚ್ಚಿದಳು. “ಇನ್ನು ನಾಳೆಯ ಬೆಳಗಿನವರೆಗೆ ನೋಡಬಾರದು” ಎಂದು ನಕ್ಕಳು.

ಆ ಹೆಣ್ಣುಮಗಳು ನಮ್ಮ ಮನೆಯಾಕೆಯ ಕೈಗಳನ್ನೇ ನೋಡುತ್ತಿದ್ದಳು. “ಇಂದಿಯೆ?” ಎಂದು ಕೇಳಿದಳು. ಹಿಂದೂದೇಶವೇ ಎಂದು ಅರ್ಥ. ಹೌದೆಂದಾಗ ಹಸುರು ಗಾಜಿನ ಬಳೆಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ಏನೋ ಹೇಳಿದಳು. ಮಗಳು ಕನ್ನಡಿಸಿದಳು: “ತನ್ನ ಅಜ್ಜಿಯ ತಾಯಿಯ ಕಾಲದಲ್ಲಿ ಈ ಬೆಟ್ಟದ ಮನೆಗಳಲ್ಲಿ ಇಂಥ ಬಳೆಗಳನ್ನೇ ಮಾಡುತ್ತಿದ್ದರಂತೆ ಅಮ್ಮ. ಯಾರು ತೊಡುವರೆಂದು ಮಾಡುವವರಿಗೆ ಗೊತ್ತಿರಲಿಲ್ಲವಂತೆ.”

ಈ ಮಾತು ನಿಜ. ಇಲ್ಲಿಂದ ಬಹು ಹತ್ತಿರದಲ್ಲಿರುವ ಯಬ್ಲೋನೆತ್ಸ್ ಪಟ್ಟಣವು ಮಣಿಗಳಿಗೂ ಬಳೆಗಳಿಗೂ ಹೆಸರಾದದ್ದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗುವವರೆಗೆ ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿದ್ದ ಗಾಜಿನ ಬಳೆಗಳಲ್ಲಿ ಬಹುಭಾಗವು ಈ ಬೆಟ್ಟಗಳಿಂದಲೇ ಬರುತ್ತಿತ್ತು. ನಮ್ಮಲ್ಲಿಯೂ ಬಳೆಯ ಕುಲುಮೆಗಳಿಲ್ಲದಿರಲಿಲ್ಲ. 1800–1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಅಜ್ಜಿಯರ ತಾಯಂದಿರು ಬಳೆಗಾರನ ಮುಂದೆ ಕೈಯೊಡ್ಡಿ ತೊಡಿಸಿಕೊಂಡ ಬಳೆ ಎಲ್ಲಿಯದೆಂದು ಅವರಿಗೂ ತಿಳಿದಿರಲಿಲ್ಲ. ಮಾಡಿದವರಿಗೆ ತೊಟ್ಟವರು ತಿಳಿಯದು, ತೊಟ್ಟವರಿಗೆ ಮಾಡಿದವರು ತಿಳಿಯದು. ಮನೆಯಾಕೆ ಎರಡು ಬಳೆಗಳನ್ನು ಬಿಚ್ಚಿ ಆಕೆಯ ಕೈಗಿತ್ತರು. ಕುಲುಮೆಯ ಬಳಿ ತೊಡಲಾಗದೆಂದು ಆಕೆ ಅವನ್ನು ಕಿಟಕಿಯ ಮೇಲೆ ಬೆಳಕು ಬೀಳುವಲ್ಲಿ ಇರಿಸಿದಳು.

ಹೊರಡುವಾಗ ಗಂಡನು ಒಂದು ಮಾತು ಹೇಳಿದನು. ಕುಲುಮೆಯನ್ನು ಸಂಜೆಗೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಆರಿದರೆ ಮೂಸೆ ಸೀಳುವುದು. ಕೆಲಸವಿರಲಿ ಇಲ್ಲದಿರಲಿ ಹಗಲಿರುಳೂ ಉರಿಯಲೇಬೇಕು. 2022ರಲ್ಲಿ ಅನಿಲದ ಬೆಲೆ ಏರಿದಾಗ ಗಂಡಹೆಂಡಿರು ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಿದರಂತೆ. ಮುಚ್ಚಿಬಿಡೋಣವೆಂದು ಅವನು ಹೇಳಿದಾಗ ಅವಳು ಇನ್ನೊಂದು ತಿಂಗಳು ನೋಡೋಣವೆಂದಳಂತೆ. ಮರುತಿಂಗಳು ಅವಳು ಸೋತಾಗ ಅವನು ಅದೇ ಮಾತನ್ನು ಹೇಳಿದನಂತೆ. 2023ರಲ್ಲಿ ಚೆಕ್ ದೇಶವೂ ಸೇರಿದಂತೆ ಯೂರೋಪಿನ ಆರು ರಾಷ್ಟ್ರಗಳ ಕೈಗಾಜಿನ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಪಟ್ಟಿಯಲ್ಲಿ ಸೇರಿಸಿತು. “ಗೌರವವು ಸಂತೋಷವೇ; ಆದರೆ ಅನಿಲದವನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ” ಎಂದನು.

ಮಧ್ಯಾಹ್ನ ಊರಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ನಾವು ಯಾರನ್ನು ಅರಸಿಕೊಂಡು ಬಂದಿದ್ದೆವೋ ಆ ದಂಪತಿಗಳ ಕೃತಿಗಳನ್ನು ಅಲ್ಲಿ ಕಂಡೆವು. ಇವು ಊದಿದ ಗಾಜಲ್ಲ, ಎರಕದ ಗಾಜು. ಊದಿದ ಗಾಜು ಹಗುರ, ತೆಳು, ಕ್ಷಣದಲ್ಲಿ ಹುಟ್ಟುವಂಥದು. ಎರಕದ ಗಾಜು ಬಂಡೆಯಂತೆ ಭಾರ. ಅದರ ಹುಟ್ಟಿಗೆ ತಿಂಗಳುಗಳು ಬೇಕು. ಒಂದು ತಲೆ, ಒಂದು ಕಮಾನು, ಒಂದು ಗೋಪುರ. ಎದುರು ನಿಂತಾಗ ಕಲ್ಲಿನಂತಿದ್ದುದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುವುದು. ಒಂದೇ ಬಣ್ಣದ ಗಾಜು ತೆಳುವಾದಲ್ಲಿ ತಿಳಿಯಾಗಿಯೂ ದಪ್ಪವಾದಲ್ಲಿ ಕಪ್ಪಾಗಿಯೂ ಕಾಣುವುದೇ ಇದರ ಗುಟ್ಟು. ಅವರು ಕುಂಚದ ಬದಲು ದಪ್ಪದಿಂದ ಬಣ್ಣ ಬಳಿದರೆಂದು ಹೇಳಬಹುದು.

ಈಗ ಆ ದಂಪತಿಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಯಾರೋಸ್ಲಾವಾ ಬ್ರಿಖ್ತೊವಾ 1924ರಲ್ಲಿ ಈ ಊರಿನಲ್ಲಿಯೇ ಹುಟ್ಟಿದವರು. ಚೆಕ್ ಜನರಲ್ಲಿ ಹೆಂಗಸರ ಮನೆತನದ ಹೆಸರಿಗೆ ‘ಒವಾ’ ಎಂಬ ಪ್ರತ್ಯಯವನ್ನು ಹಚ್ಚುವರು. ತಂದೆ ಬ್ರಿಖ್ತಾ, ಮಗಳು ಬ್ರಿಖ್ತೊವಾ. ಆ ತಂದೆಯೇ ಗಾಜಿನ ಶಾಲೆಯನ್ನು ಸ್ಥಾಪಿಸಿದವರಲ್ಲೊಬ್ಬರು. ಗಾಜಿನ ಪುಟ್ಟ ಗೊಂಬೆಗಳನ್ನು ಮಾಡಿ ಹೆಸರಾದವರು. ತಂದೆಯೂ ಮಗಳೂ ಸೇರಿ ಗಾಜನ್ನು ಅಚ್ಚಿನಲ್ಲಿ ಕರಗಿಸಿ ಶಿಲ್ಪವಾಗಿಸುವ ಪ್ರಯೋಗಗಳನ್ನು ನಡೆಸಿದರು. ಪ್ರಾಗಿನಲ್ಲಿ ಶಿಲ್ಪವಿದ್ಯೆಯನ್ನು ಕಲಿತ ಮಗಳು 1950ರಲ್ಲಿ ಊರಿನ ಗಾಜಿನ ಕಾರ್ಖಾನೆಯಲ್ಲಿ ಕಟ್ಟಡಗಳಿಗೆ ಬೇಕಾದ ಗಾಜಿಗೆಂದೇ ಒಂದು ವಿಭಾಗವನ್ನು ತೆರೆದು ಅದರ ಮುಖ್ಯಸ್ಥೆಯಾದರು. ಆಗ ಆಕೆಗೆ ಇಪ್ಪತ್ತಾರು ವರ್ಷ.

ಸ್ಟಾನಿಸ್ಲಾವ್ ಲಿಬೆನ್‌ಸ್ಕಿ 1921ರಲ್ಲಿ ಹುಟ್ಟಿದವರು, ಚಿತ್ರಕಾರರು. 1954ರಲ್ಲಿ ಶಾಲೆಯ ಮುಖ್ಯಾಧಿಕಾರಿಯಾಗಿ ಈ ಊರಿಗೆ ಬಂದರು. ತಲೆಯ ಆಕಾರದ ಒಂದು ಬೋಗುಣಿಯ ಚಿತ್ರವನ್ನು ಅವರು ಬರೆದಿದ್ದರು. ಅದನ್ನು ಕಂಡ ಯಾರೋಸ್ಲಾವಾ, ಇದನ್ನು ಗಾಜಿನಲ್ಲಿ ಎರಕ ಹೊಯ್ಯಬಹುದೆಂದು ಹೇಳಿ, ಹೊಯ್ದೂ ತೋರಿಸಿದರು. 1955–56ರ ಆ ‘ತಲೆ–ಬೋಗುಣಿ’ಯೇ ಅವರ ಜೊತೆಯ ಮೊದಲನೆಯ ಕೃತಿ. ಇಬ್ಬರಿಗೂ ಆಗ ಬೇರೆ ಬೇರೆ ಸಂಸಾರಗಳಿದ್ದವು. ಬದುಕಿನ ದಾರಿಗಳು ತಿರುಗಿ 1963ರಲ್ಲಿ ಅವರು ವಿವಾಹವಾದರು. ಕೈಗಳು ಮೊದಲು ಕೂಡಿದ್ದು ಕೆಲಸದಲ್ಲಿ, ಅನಂತರ ಬಾಳಿನಲ್ಲಿ. ಆ ಮೊದಲನೆಯ ಕೃತಿಯಿಂದ ಹಿಡಿದು ಸುಮಾರು ನಲವತ್ತೈದು ವರ್ಷಗಳ ಪರ್ಯಂತ ಮಾಡಿದ ಕೃತಿಗಳು ಇಬ್ಬರ ಹೆಸರಿನಲ್ಲಿಯೇ ಹೊರಬಂದವು.

ಅವರ ಕೆಲಸದ ಕ್ರಮ ಹೀಗೆ: ಲಿಬೆನ್‌ಸ್ಕಿಯವರು ಇದ್ದಿಲಿನಿಂದ ಹಾಳೆಯ ಮೇಲೆ ನೆರಳುಬೆಳಕನ್ನು ಬರೆಯುವರು. ಬ್ರಿಖ್ತೊವಾ ಅದನ್ನು ಜೇಡಿಮಣ್ಣಿನಲ್ಲಿ ಮೂರ್ತಿಯಾಗಿ ಮೆತ್ತುವರು. ಮೆತ್ತುವಾಗ ಚಿತ್ರವು ಮಾರ್ಪಡುವುದು, ವಾದವಾಗುವುದು, ಅವರು ಮತ್ತೆ ಬರೆಯುವರು, ಇವರು ಮತ್ತೆ ಮೆತ್ತುವರು. ಮಣ್ಣಿನ ಮೂರ್ತಿಯಿಂದ ಬೆಂಕಿ ತಾಳುವ ಅಚ್ಚನ್ನು ತೆಗೆದು, ಅದರಲ್ಲಿ ಗಾಜಿನ ತುಂಡುಗಳನ್ನು ತುಂಬಿ, ಒಲೆಯಲ್ಲಿಟ್ಟು ಕರಗಿಸುವರು. ಕರಗುವುದು ಸುಲಭ, ಆರುವುದು ಕಷ್ಟ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿಯನ್ನು ಸುರಿದರೆ ಲೋಟ ಸೀಳುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಒಂದು ಭಾಗ ಬಿಸಿಯಾಗಿ ಹಿಗ್ಗಿ, ಇನ್ನೊಂದು ಭಾಗ ಹಿಗ್ಗದೆ ಉಳಿಯುವುದೇ ಅದಕ್ಕೆ ಕಾರಣ. ದಪ್ಪ ಗಾಜು ಆರುವಾಗಲೂ ಇದೇ ಅಪಾಯವುಂಟು: ಹೊರಮೈ ಮೊದಲು ಗಟ್ಟಿಯಾಗಿ ಒಳಗು ಇನ್ನೂ ಬಿಸಿಯಾಗಿದ್ದರೆ ಒಳಗೊಳಗೇ ಸೆಳೆತ ಹುಟ್ಟಿ ಒಂದು ದಿನ ತಾನಾಗಿಯೇ ಒಡೆಯುವುದು. ಆದುದರಿಂದ ಶಾಖವನ್ನು ದಿನಕ್ಕಿಷ್ಟು ಎಂದು ಇಳಿಸುತ್ತ ವಾರಗಟ್ಟಲೆ, ದೊಡ್ಡದಾದರೆ ತಿಂಗಳುಗಟ್ಟಲೆ ಕಾಯಬೇಕು. ಬಳಿಕ ಅಚ್ಚನ್ನು ಒಡೆದು, ಸಾಣೆ ಹಿಡಿದು ಮೆರಗು ಕೊಡುವರು.

1958ರಲ್ಲಿ ಬ್ರಸೆಲ್ಸ್ ನಗರದ ವಿಶ್ವಪ್ರದರ್ಶನದಲ್ಲಿ, ಆದಿಮಾನವರ ಗುಹಾಚಿತ್ರಗಳನ್ನು ನೆನಪಿಗೆ ತರುವ ಪ್ರಾಣಿಗಳ ರೂಪಗಳುಳ್ಳ ಅವರ ಗಾಜಿನ ಕಲ್ಲುಗಳಿಗೆ ಮಹಾಬಹುಮಾನ ದೊರೆಯಿತು. 1967ರಲ್ಲಿ ಕೆನಡದ ಮಾಂಟ್ರಿಯಲ್ಲಿನ ಪ್ರದರ್ಶನದಲ್ಲಿ ಅವರ ಬೃಹತ್ತಾದ ಮೂರ್ತಿಗಳನ್ನು ಕಂಡು ಲೋಕವು ಬೆರಗಾಯಿತು. ಗಾಜು ಬರಿಯ ಪಾತ್ರೆಪಡಗವಲ್ಲ, ಕಲ್ಲು ಕಂಚುಗಳ ಸಾಲಿನಲ್ಲಿ ನಿಲ್ಲತಕ್ಕದ್ದು ಎಂಬುದನ್ನು ಸ್ಥಾಪಿಸಿದವರಲ್ಲಿ ಇವರಿಬ್ಬರೂ ಅಗ್ರಗಣ್ಯರು.

ಇಷ್ಟರಲ್ಲಿ ದೇಶಕ್ಕೆ ಕೇಡುಗಾಲ ಒದಗಿತು. 1968ರ ಆಗಸ್ಟಿನಲ್ಲಿ ಸೋವಿಯೆಟ್ ರಷ್ಯವೂ ಅದರ ಮಿತ್ರರಾಷ್ಟ್ರಗಳೂ ಸೈನ್ಯವನ್ನು ನುಗ್ಗಿಸಿ ಅಂದಿನ ಚೆಕೊಸ್ಲೊವಾಕಿಯವನ್ನು ಆಕ್ರಮಿಸಿದವು. ಸ್ವಲ್ಪ ಸ್ವಾತಂತ್ರ್ಯದ ಗಾಳಿ ಬೀಸತೊಡಗಿದ್ದ ನಾಡಿನ ಬೀದಿಗಳಲ್ಲಿ ಟ್ಯಾಂಕುಗಳು ಹರಿದಾಡಿದವು. ಅದೇ ಹೊತ್ತಿಗೆ 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆಯಲಿದ್ದ ವಿಶ್ವಪ್ರದರ್ಶನಕ್ಕಾಗಿ ಈ ದಂಪತಿಗಳು ‘ಜೀವನದ ನದಿ’ ಎಂಬ ಎರಕದ ಗಾಜಿನ ಕೃತಿಯನ್ನು ಮಾಡುತ್ತಿದ್ದರು. ಉದ್ದ ಸುಮಾರು 22 ಮೀಟರು. ನದಿ ಹೆಪ್ಪುಗಟ್ಟಿದಂತಿರುವ ಒಂದೆಡೆಯಲ್ಲಿ ಅವರು ಸೈನಿಕರ ಬೂಟುಗಳ ಗುರುತುಗಳನ್ನು ಮೂಡಿಸಿದರು.

ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ. ಕೇವಲ ಹೆಜ್ಜೆಯ ಗುರುತು. ನೋಡಿದವರಿಗೆ ಅರ್ಥವಾಗದಿರಲು ಸಾಧ್ಯವೆ? ಸರಕಾರಿ ಅಧಿಕಾರಿಗಳಿಗೂ ಅರ್ಥವಾಯಿತು. ಅವರು ಆ ಗುರುತುಗಳನ್ನು ಗಾಜಿನಿಂದ ಅಳಿಸಿಹಾಕಿಸಿದರು. ದಂಪತಿಗಳನ್ನು ಆಳುವ ಪಕ್ಷದಿಂದ ಹೊರದೂಡಿದರು. ಹೊರದೇಶಗಳಿಗೆ ಹೋಗುವುದಕ್ಕೂ ಕೆಲಸ ದೊರೆಯುವುದಕ್ಕೂ ಕೆಲವು ಕಾಲ ಅಡ್ಡಿಗಳುಂಟಾದವು.

ಈ ಸಂಗತಿಯನ್ನು ಮಗಳು ಓದಿ ಹೇಳುತ್ತಿದ್ದಾಗ ನಾವು ಸಂಗ್ರಹಾಲಯದ ಒಂದು ಬೆಂಚಿನ ಮೇಲೆ ಕುಳಿತಿದ್ದೆವು. ನಮಗೆ ತೋರಿದ್ದು ಇದು. ಒಂದು ಚಿತ್ರವನ್ನು ಆವೇಶದಲ್ಲಿ ಬರೆದುಬಿಡಬಹುದು. ಬೆಳಗಾಗುವಷ್ಟರಲ್ಲಿ ಧೈರ್ಯ ಇಳಿದರೂ ಚಿತ್ರ ಮುಗಿದಿರುವುದು. ಎರಕದ ಗಾಜಿನಲ್ಲಿ ಹಾಗಿಲ್ಲ. ಬರೆಯಬೇಕು, ಮೆತ್ತಬೇಕು, ಕರಗಿಸಬೇಕು, ವಾರಗಟ್ಟಲೆ ಆರಿಸಬೇಕು, ಸಾಣೆ ಹಿಡಿಯಬೇಕು. ಅಷ್ಟು ದಿನಗಳಲ್ಲಿ ಒಂದು ದಿನವಾದರೂ ಇಬ್ಬರಲ್ಲೊಬ್ಬರಿಗೆ “ಬೇಡ, ಇದನ್ನು ತೆಗೆದುಬಿಡೋಣ, ಮಕ್ಕಳುಮರಿಗಳ ಗತಿಯೇನು” ಎಂದು ಅನ್ನಿಸದಿರುತ್ತದೆಯೆ? ಅನ್ನಿಸಿತೋ ಇಲ್ಲವೋ, ಗುರುತುಗಳಂತೂ ಒಸಾಕಾದವರೆಗೆ ಹೋದವು. ಗುರುತನ್ನು ಬರೆದ ಕೈ ಅವರದೆಂದೂ ಮೆತ್ತಿದ ಕೈ ಇವರದೆಂದೂ ಅಧಿಕಾರಿಗಳು ವಿಂಗಡಿಸಲಾರದೆ ಹೋದರು. ಹೆಸರು ಹೇಗೆ ಜೊತೆಯಾಗಿತ್ತೋ ಶಿಕ್ಷೆಯೂ ಹಾಗೆಯೇ ಜೊತೆಯಾಯಿತು.

ಅವರು ಕೆಲಸವನ್ನು ಬಿಡಲಿಲ್ಲ. ಲಿಬೆನ್‌ಸ್ಕಿಯವರು 1963ರಿಂದ ಪ್ರಾಗಿನ ಕಲಾವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 1987ರವರೆಗೆ ಒಂದು ತಲೆಮಾರಿನ ಶಿಷ್ಯರನ್ನು ತಯಾರು ಮಾಡಿದರು. ಬ್ರಿಖ್ತೊವಾ 1984ರವರೆಗೆ ಕಾರ್ಖಾನೆಯ ತಮ್ಮ ವಿಭಾಗವನ್ನು ನಡೆಸಿದರು. 1989ರಲ್ಲಿ ಆ ಸರಕಾರವು ಒಂದು ಗುಂಡಿನ ಸದ್ದೂ ಇಲ್ಲದೆ ಉರುಳಿತು. ಆಗ ಲಿಬೆನ್‌ಸ್ಕಿಯವರಿಗೆ ಅರವತ್ತೆಂಟು, ಆಕೆಗೆ ಅರವತ್ತೈದು. ನಮ್ಮಲ್ಲಿ ಆ ವಯಸ್ಸಿನವರು ಜಗುಲಿಯ ಮೇಲೆ ಕುಳಿತು ಮೊಮ್ಮಕ್ಕಳ ಲೆಕ್ಕ ಹಾಕುವರು. ಇವರಾದರೋ ತಮ್ಮ ಅತ್ಯಂತ ದೊಡ್ಡ ಕೃತಿಗಳಲ್ಲಿ ಕೆಲವನ್ನು ಆಮೇಲೆಯೇ ಮಾಡಿದರು. 1993ರ ‘ಕೆಂಪು ಪಿರಮಿಡ್ಡು’ ಅಮೆರಿಕದ ಕಾರ್ನಿಂಗ್ ಪಟ್ಟಣದ ಗಾಜಿನ ಸಂಗ್ರಹಾಲಯದಲ್ಲಿದೆ. ಲಿಬೆನ್‌ಸ್ಕಿಯವರು 2002ರಲ್ಲಿ ತೀರಿಕೊಂಡರು. ಬ್ರಿಖ್ತೊವಾ 2020ರಲ್ಲಿ, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ.

ಸಂಜೆಯ ರೈಲಿಗೆ ಹಿಂದಿರುಗಿದೆವು. ಯಿಜೆರಾ ನದಿಯ ಮೇಲೆ ಇಳಿಬಿಸಿಲು ಬಿದ್ದು ನೀರು ಗಾಜಿನಂತೆಯೇ ಕಂಡಿತು. ಮಗಳು ಕಿಟಕಿಗೊರಗಿ ನಿದ್ದೆಹೋಗಿದ್ದಳು. ಮನೆಯಾಕೆ ತಮ್ಮ ಪುಟ್ಟ ಪುಸ್ತಕವನ್ನು ತೆರೆದು ಅಂದಿನ ಗುರುತುಗಳನ್ನು ಬರೆದುಕೊಳ್ಳುತ್ತಿದ್ದರು: ಮರದ ಅಚ್ಚು, ಒದ್ದೆ ಕಾಗದ, ಬಳೆ, ಬೂಟಿನ ಗುರುತು. ಯಜಮಾನರು ಅದನ್ನು ನೋಡುತ್ತ ಕುಳಿತಿದ್ದರು. ಇಪ್ಪತ್ತೆಂಟು ವರ್ಷಗಳಿಂದ ಇಂಥ ಪುಸ್ತಕಗಳಿಂದಲೇ ನಮ್ಮ ಪ್ರವಾಸದ ಲೇಖನಗಳು ಹುಟ್ಟಿದ್ದವು. ಅವುಗಳ ಕೆಳಗೆ ಅಚ್ಚಾದದ್ದು ಮಾತ್ರ ಒಂದೇ ಹೆಸರು. ಅದರಲ್ಲಿ ತಪ್ಪಿದೆಯೆಂದು ಯಜಮಾನರಿಗೆ ಆವರೆಗೆ ತೋರಿರಲಿಲ್ಲ. ಮನೆಯಾಕೆ ಒಂದು ದಿನವೂ ಕೇಳಿರಲಿಲ್ಲ. ಪ್ರಾಗಿನ ರಂಗಮಂದಿರದ ಮುಂದೆ ಕೇಳಿದ ಆ ಒಂದು ಮಾತು ಯಾರನ್ನು ಕುರಿತದ್ದೆಂದು ಆಗ ಅರಿವಾಯಿತು.

“ನೀನು ಆಗ ಕೇಳಿದ್ದು ಅವರ ವಿಷಯ ಮಾತ್ರವೋ?” ಎಂದು ಯಜಮಾನರು ಕೇಳಿದರು.

ಮನೆಯಾಕೆ ಪುಸ್ತಕದಿಂದ ಕಣ್ಣೆತ್ತದೆ, “ಒಲೆಯ ಬಾಗಿಲನ್ನು ಅವಸರದಲ್ಲಿ ತೆರೆಯಬಾರದಂತೆ. ಈಗ ಆರಿರಬಹುದು” ಎಂದರು.

ಬೇರೆ ಮಾತೇನೂ ನಡೆಯಲಿಲ್ಲ. ಟುರ್ನೋವ್ ನಿಲ್ದಾಣ ದಾಟಿ ಕತ್ತಲಾಯಿತು.

ಊರಿಗೆ ಬಂದ ಮೇಲೆ ಈ ಲೇಖನವನ್ನು ಬರೆದೆವು. ಯಜಮಾನರು ಬರೆದ ಕುಲುಮೆಯ ವರ್ಣನೆಯನ್ನು ಮನೆಯಾಕೆ ಎರಡು ಸಲ ಹೊಡೆದುಹಾಕಿ ತಾವೇ ಬರೆದರು. ಬೂಟಿನ ಗುರುತಿನ ಮಾತನ್ನು ಕುರಿತು ಮೂರು ದಿನ ವಾದ ನಡೆಯಿತು. ಯಾವ ವಾಕ್ಯ ಯಾರದೆಂದು ಈಗ ನಮಗೇ ಹೇಳಲಾಗದು. ಆದ ಕಾರಣ ಸಂಪಾದಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಲೇಖನದ ಕೆಳಗೆ ಸ್ಥಳ ಸಾಲದಿದ್ದರೆ ಕೊನೆಯ ಒಂದೆರಡು ಸಾಲುಗಳನ್ನು ಬೇಕಾದರೆ ತೆಗೆದುಹಾಕಬಹುದು, ಎರಡು ಹೆಸರುಗಳಲ್ಲಿ ಒಂದನ್ನು ತೆಗೆಯದಿರಬೇಕೆಂದು ಪ್ರಾರ್ಥನೆ.